ತವರಿನ ಪಾಲು ಮತ್ತು ಅರವತ್ತು ಲಕ್ಷದ ಕಾರು

ಶಿಡ್ಲಘಟ್ಟದ ಸಹೋದರಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೊನೆಯಲ್ಲಿ ಎರಡು ಬಾರಿ ಕೇಳಿಕೊಂಡಿದ್ದಾರೆ. ವಿಷಯ ಇಷ್ಟು. ದೇವನಹಳ್ಳಿ ಕಡೆ ಇದ್ದ ಅವರ ತಂದೆಯ ಜಮೀನು ಮಾರಾಟವಾಗಿದೆ. ಅಣ್ಣಂದಿರು ತಕರಾರು ಮಾಡದೆ ತಂಗಿಯ ಪಾಲನ್ನು ಅವರ ಖಾತೆಗೇ ಹಾಕಿದ್ದಾರೆ, ಒಂದು ಕೋಟಿಗೆ ಸ್ವಲ್ಪ ಮೇಲೆ. ಯಜಮಾನರು ರೇಷ್ಮೆ ರೀಲರ್. ಹಿರಿಯ ಮಗ ಬೆಂಗಳೂರಿನ ಷೋರೂಮ್ ಒಂದರಲ್ಲಿ ವಿದೇಶಿ ಕಂಪನಿಯ ದೊಡ್ಡ ಕಾರು ನೋಡಿ ಬಂದಿದ್ದಾನೆ. ಒಂದು ಲಕ್ಷ ಮುಂಗಡವನ್ನೂ ಕಟ್ಟಿಯಾಗಿದೆ. "ಆಪಾ, ಎಷ್ಟು ಚೌಕಾಸಿ ಮಾಡಿದರೆ ನಾವು ಮೋಸ ಹೋಗುವುದಿಲ್ಲ?" ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಇವರೊಬ್ಬರದ್ದೇ ಅಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅಂದಿನಿಂದ ಆ ಭಾಗದಲ್ಲಿ ಎಕರೆಯ ಬೆಲೆ ಏರಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಅಜ್ಜ ರಾಗಿ ಬೆಳೆದ ಭೂಮಿ ಮೊಮ್ಮಕ್ಕಳ ಕಾಲಕ್ಕೆ ನಿವೇಶನವಾಯಿತು. ಗೌರಿಬಿದನೂರು, ಚಿಂತಾಮಣಿಗಳ ಮದುವೆ ಮನೆಗಳ ಮುಂದೆ ಈಗ ನಿಲ್ಲುವ ಕಾರುಗಳನ್ನು ನೋಡಿದರೆ ಹಣ ಬಂದ ದಾರಿ ಮಾತ್ರವಲ್ಲ, ಹೋಗುತ್ತಿರುವ ದಾರಿಯೂ ತಿಳಿಯುತ್ತದೆ.

ತಂಗೀ, ಚೌಕಾಸಿಯನ್ನು ನಿಮ್ಮ ಮನೆಯವರಿಗೆ ನಾನು ಕಲಿಸಬೇಕೇ? ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಒಂದು ಹಿಡಿ ಗೂಡನ್ನು ಕೈಯಲ್ಲಿ ಅಲ್ಲಾಡಿಸಿ, ಅದರಿಂದ ಎಷ್ಟು ನೂಲು ಬಂದೀತು ಎಂದು ಹೇಳಬಲ್ಲವರು ಅವರು. ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಗುತ್ತದೆ ಎಂಬ ರೆಂಡಿಟ್ಟ ಲೆಕ್ಕ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಗೂಡು ಕೊಂಡ ಮೇಲೆ ಕಾಯುವಂತಿಲ್ಲ, ತಡವಾದರೆ ಚಿಟ್ಟೆ ಗೂಡನ್ನು ತೂರಿ ಹೊರಬರುತ್ತದೆ, ಎಳೆ ಕೆಡುತ್ತದೆ ಎಂಬುದೂ ಅವರಿಗೆ ಗೊತ್ತು. ಹಾಗಾಗಿ ಅವರು ಗೂಡಿಗೆ ಕೊಡುವ ಬೆಲೆಯಲ್ಲಿ ನಾಳೆಯ ನಷ್ಟವೂ ಸೇರಿರುತ್ತದೆ. ವಿಚಿತ್ರವೆಂದರೆ ಅದೇ ಮನುಷ್ಯ ಷೋರೂಮಿನ ತಂಪು ಗಾಳಿಯಲ್ಲಿ ಕುಳಿತು, ಕಾಫಿ ಕುಡಿದು, ಇಂದಿನ ಬೆಲೆಯನ್ನಷ್ಟೇ ಕೇಳುತ್ತಾನೆ. ನಾಳೆಯದನ್ನು ಕೇಳುವುದಿಲ್ಲ.

ನೀವು ಕಳಿಸಿದ ಕೊಟೇಶನ್ ನನ್ನ ಮುಂದಿದೆ. ಕಾರಿನ ಷೋರೂಮ್ ಬೆಲೆ 60 ಲಕ್ಷ. ಜೀವಾವಧಿ ರಸ್ತೆ ತೆರಿಗೆ ಸೆಸ್ ಸೇರಿ ಹತ್ತಿರ ಹತ್ತಿರ 12 ಲಕ್ಷ. ವಿಮೆ 2.25 ಲಕ್ಷ. ಹೆಚ್ಚುವರಿ ವಾರಂಟಿ ಮತ್ತು ಸರ್ವಿಸ್ ಪ್ಯಾಕೇಜು 1.65 ಲಕ್ಷ. ಹತ್ತು ಲಕ್ಷ ಮೀರಿದ ಕಾರಿಗೆ ಮೂಲದಲ್ಲೇ ವಸೂಲಾಗುವ ಶೇ. 1ರ ಆದಾಯ ತೆರಿಗೆ 60 ಸಾವಿರ. ಮ್ಯಾಟು, ಕವರು, 'ಇತರೆ' ಎಲ್ಲ ಸೇರಿ 50 ಸಾವಿರ. ಒಟ್ಟು 77 ಲಕ್ಷ.

ಈಗ ಸವಕಳಿಯ ಲೆಕ್ಕ ನೋಡೋಣ. ವಿಮಾ ಕಂಪನಿಗಳು ಬಹುಕಾಲದಿಂದ ಅನುಸರಿಸುವ ಒಂದು ಕೋಷ್ಟಕವಿದೆ. ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಎಷ್ಟು ಕೊಡಬೇಕು ಎಂಬುದು ಅದರ ಮೇಲೆ ನಿಂತಿದೆ. ಮೊದಲ ಆರು ತಿಂಗಳಿಗೆ ಶೇ. 5 ಕಡಿತ. ವರ್ಷದೊಳಗೆ ಶೇ. 15. ಎರಡನೆಯ ವರ್ಷ 20, ಮೂರನೆಯ ವರ್ಷ 30, ನಾಲ್ಕನೆಯ ವರ್ಷ 40, ಐದನೆಯ ವರ್ಷ 50. ಗಮನಿಸಿ, ಈ ಕಡಿತ 77 ಲಕ್ಷದ ಮೇಲಲ್ಲ, ಕಂಪನಿಯ ಪಟ್ಟಿ ಬೆಲೆಯಾದ 60 ಲಕ್ಷದ ಮೇಲೆ. ರಸ್ತೆ ತೆರಿಗೆ, ವಿಮೆ, ವಾರಂಟಿಗಳ ಹಣ ಕೊಟ್ಟ ದಿನವೇ ಲೆಕ್ಕದಿಂದ ಹೊರಗೆ. ಅಂದರೆ ಕಾರು ಷೋರೂಮಿನ ಗೇಟು ದಾಟಿದ ದಿನ ವಿಮೆಯ ಕಾಗದದಲ್ಲಿ ಅದರ ಬೆಲೆ 57 ಲಕ್ಷ. ಮಗ ಹೋರಾಡಿ ಮೂರು ಲಕ್ಷ ಇಳಿಸಿಕೊಂಡು ಬಂದರೂ, ಆ ಮೂರು ಲಕ್ಷ ಅಲ್ಲಿಗೇ ತೀರಿತು. ಮೂರು ವರ್ಷ ತುಂಬುವಾಗ ಉಳಿಯುವುದು 42 ಲಕ್ಷ.

ಎಪ್ಪತ್ತೇಳು ಹಾಕಿ ನಲವತ್ತೆರಡು! ಇಂಧನ, ಟೈರು, ಡ್ರೈವರು ಯಾವುದನ್ನೂ ಸೇರಿಸದೆ ದಿನಕ್ಕೆ ಮೂರು ಸಾವಿರ ರೂಪಾಯಿಗೂ ಹೆಚ್ಚು. ಕಾರು ಮನೆಯ ಮುಂದೆ ಸುಮ್ಮನೆ ನಿಂತಿದ್ದರೂ ಇದು ನಡೆಯುತ್ತದೆ. ಮಾರುಕಟ್ಟೆ ಈ ಕೋಷ್ಟಕಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟೀತು, ಕಡಿಮೆಯೂ ಕೊಟ್ಟೀತು. ದುಬಾರಿ ಕಾರುಗಳ ವಿಷಯದಲ್ಲಿ ಕಡಿಮೆ ಎಂದೇ ಎಣಿಸಿ. ವಾರಂಟಿ ಮುಗಿದ ಮೇಲೆ ಒಂದು ಬಿಡಿಭಾಗದ ಬೆಲೆಗೇ ಹೆದರಿ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಮಾರಾಟಕ್ಕೂ ಸರ್ವಿಸಿಗೂ ನೀವು ಹೆದ್ದಾರಿ ಹಿಡಿದು ಬೆಂಗಳೂರಿಗೇ ಹೋಗಬೇಕು.

ಸವಕಳಿ ಎಂಬುದು ಬರೀ ಹಳತಾಗುವುದರಿಂದ ಬರುವುದಲ್ಲ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರ ಬದಲಾಯಿತು. ಅಲ್ಲಿಯವರೆಗೆ ದೊಡ್ಡ ಎಸ್.ಯು.ವಿ.ಗಳಿಗೆ ಶೇ. 28 ಜಿ.ಎಸ್.ಟಿ., ಅದರ ಮೇಲೆ ಶೇ. 22 ಸೆಸ್, ಒಟ್ಟು 50 ಇತ್ತು. ಅಂದಿನಿಂದ ಸೆಸ್ ಹೋಗಿ ಒಟ್ಟು ಶೇ. 40 ಆಯಿತು. ಹಿಂದಿನ ವಾರ 60 ಲಕ್ಷ ಕೊಟ್ಟವರ ಅದೇ ಕಾರು ಮುಂದಿನ ವಾರ 56 ಲಕ್ಷಕ್ಕೆ ಸಿಗುವಂತಾಯಿತು. ಹೊಸತು ಅಗ್ಗವಾದರೆ ಹಳತೂ ಇಳಿಯಲೇಬೇಕಲ್ಲ? ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ, ಕಾರು ಒಂದು ಗೀರನ್ನೂ ಕಂಡಿರಲಿಲ್ಲ. ಚಿಂತಾಮಣಿಯ ಟೊಮೆಟೊ ಮಂಡಿಯವರಿಗೆ ಬೆಲೆಯ ಇಳಿತ ಹೊಸತಲ್ಲ. 2023ರ ಜುಲೈಯಲ್ಲಿ ಕಿಲೋಗೆ ನೂರು ದಾಟಿದ ಟೊಮೆಟೊ ಕೆಲವೇ ವಾರಗಳಲ್ಲಿ ನೆಲ ಕಚ್ಚಿತು. ಆದರೆ ಟೊಮೆಟೊ ಮುಂದಿನ ಬೆಳೆಗೆ ಮತ್ತೆ ಏರಬಹುದು. ಕಾರು ಏರುವುದಿಲ್ಲ.

ಪತ್ರದಲ್ಲಿ ಇನ್ನೊಂದು ಮಾತಿದೆ. ಬ್ಯಾಂಕಿನಲ್ಲಿಟ್ಟರೆ ವರ್ಷವರ್ಷ ಝಕಾತ್ ಕೊಡಬೇಕು, ಸ್ವಂತಕ್ಕೆ ಓಡಿಸುವ ಕಾರಿಗೆ ಝಕಾತ್ ಇಲ್ಲ, ಆದ್ದರಿಂದ ಕಾರೇ ಲಾಭ ಎಂದು ಸಂಬಂಧಿಕರೊಬ್ಬರು ಹೇಳಿದರಂತೆ. ಸ್ವಂತ ಬಳಕೆಯ ವಾಹನಕ್ಕೆ ಝಕಾತ್ ಇಲ್ಲ ಎಂಬುದು ನಿಜ. ಆದರೆ ಬಡವನಿಗೆ ಹೋಗಬೇಕಾದ ನೂರಕ್ಕೆ ಎರಡೂವರೆಯನ್ನು ಉಳಿಸಲು ವರ್ಷದೊಳಗೆ ನೂರಕ್ಕೆ ಹದಿನೈದನ್ನು ಗಾಳಿಗೆ ತೂರುವ ಈ ಲೆಕ್ಕವನ್ನು ಯಾವ ಮದ್ರಸಾದಲ್ಲಿ ಕಲಿಸಿದರೋ ತಿಳಿಯದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮೂರನೆಯ ಪುಟದ ಒಂದು ಸಾಲು. ಬಿಲ್ಲು ಯಜಮಾನರ ಹೆಸರಿನಲ್ಲಿ ಆಗುತ್ತದೆ, ಚೆಕ್ಕು ನನ್ನದು ಎಂದು ಬರೆದಿದ್ದೀರಿ. ತವರಿನಿಂದ ಬಂದ ಪಾಲು ನಿಮ್ಮದು. ಅದನ್ನು ಗಂಡನ ಹಣದೊಂದಿಗೆ ಬೆರೆಸಲೇಬೇಕೆಂಬ ಕಟ್ಟಳೆ ನಮ್ಮಲ್ಲಿಲ್ಲ. ಸಂಸಾರದ ಖರ್ಚಿನ ಹೊಣೆ ಅವರದ್ದು. ನೀವು ಸಂತೋಷದಿಂದ ಕೊಡುವುದು ಬೇರೆ, ಕೇಳದೆ ಆಗಿಹೋಗುವುದು ಬೇರೆ. ನಿಮ್ಮ ಹಣದಿಂದಲೇ ಕಾರು ಬರುವುದಾದರೆ ಬಿಲ್ಲು, ಆರ್.ಸಿ., ವಿಮೆ ಮೂರೂ ನಿಮ್ಮ ಹೆಸರಿನಲ್ಲಿರಲಿ. ಆಗ ನಿಮ್ಮ ಸಹಿಯಿಲ್ಲದೆ ಅದನ್ನು ಬೇರೆಯವರ ಹೆಸರಿಗೆ ವರ್ಗಾಯಿಸಲಾಗದು. ಆ 60 ಸಾವಿರ ಆದಾಯ ತೆರಿಗೆಯೂ ಬಿಲ್ಲಿನಲ್ಲಿ ಕೊಟ್ಟ ಪ್ಯಾನ್ ಸಂಖ್ಯೆಗೇ ಜಮೆಯಾಗುತ್ತದೆ. ರಿಟರ್ನ್ ಸಲ್ಲಿಸಿ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸು ಪಡೆಯಬಹುದು. ಅನೇಕ ಮನೆಗಳಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ.

ಇನ್ನು ರೀಲಿಂಗ್ ಕಸುಬು. ಗೂಡಿಗೆ ದಿನದಿನವೂ ಹಣ ಬೇಕು, ನೂಲಿನ ಹಣ ಮಾತ್ರ ತಡವಾಗಿ ಬರುತ್ತದೆ. ಗೂಡಿನ ಬೆಲೆ ಏರಿ ನೂಲಿನ ಬೆಲೆ ಬಿದ್ದ ವಾರಗಳಲ್ಲಿ ನಿಮ್ಮ ಮನೆ ಹೇಗೆ ನಡೆದಿತ್ತು ಎಂದು ನೀವೇ ಬರೆದಿದ್ದೀರಿ, ಬಳೆ ಅಡವಿಟ್ಟ ಮಾತೂ ಅದರಲ್ಲಿದೆ. ಅಂಥ ವಾರ ಮತ್ತೆ ಬಂದರೆ ಬಳೆಯನ್ನು ಒಂದು ಗಂಟೆಯಲ್ಲಿ ಹಣ ಮಾಡಬಹುದು. ಅವಸರಕ್ಕೆ ಮಾರುವ ದೊಡ್ಡ ಕಾರಿಗೆ ದಲ್ಲಾಳಿ ಹೇಳಿದ್ದೇ ಬೆಲೆ.

ಕಾರು ಬೇಡವೇ ಬೇಡ ಎನ್ನುವವಳು ನಾನಲ್ಲ. ಅತ್ತೆಯವರಿಗೆ ಮಂಡಿ ನೋವು, ಬಸ್ಸು ಹತ್ತಲಾರರು ಎಂದಿದ್ದೀರಿ. ಅದು ನ್ಯಾಯವಾದ ಅಗತ್ಯ. ಆದರೆ ಹತ್ತರಿಂದ ಹದಿನೈದು ಲಕ್ಷದೊಳಗಿನ ಒಳ್ಳೆಯ ಕಾರಿನಲ್ಲೂ ಅವರು ಅಷ್ಟೇ ಆರಾಮಾಗಿ ಕೂರುತ್ತಾರೆ, ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಅದಕ್ಕೆ ಕೈ ಹಾಕಲು ಹೆದರುವುದಿಲ್ಲ. ಮಗನಿಗೆ ಆ ಕಂಪನಿಯ ಕಾರೇ ಆಗಬೇಕೆಂದಿದ್ದರೆ ಮೂರು ವರ್ಷ ಓಡಿದ್ದನ್ನು ನೋಡಲಿ. ದೊಡ್ಡ ಸವಕಳಿಯನ್ನು ಯಾರೋ ಆಗಲೇ ಹೊತ್ತುಕೊಂಡಿರುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಬೇರೆ ರಾಜ್ಯದ ನಂಬರಿನ ಕಾರು ಅಗ್ಗವೆಂದು ತಂದವರು, ಹನ್ನೆರಡು ತಿಂಗಳು ಮೀರಿ ಇಲ್ಲೇ ಇಟ್ಟರೆ ಇಲ್ಲಿ ನೋಂದಾಯಿಸಿ ತೆರಿಗೆ ಕಟ್ಟಲೇಬೇಕು. ಕೆ.ಜಿ.ಎಫ್. ಬಾಬು ಎಂದೇ ಹೆಸರಾದ ಯೂಸುಫ್ ಶರೀಫ್ ಅವರ ಬಳಿ ಇದ್ದ, ಒಂದು ಕಾಲಕ್ಕೆ ಅಮಿತಾಭ್ ಬಚ್ಚನ್ ಮತ್ತು ಆಮಿರ್ ಖಾನ್ ಅವರದಾಗಿದ್ದ ಎರಡು ರೋಲ್ಸ್ ರಾಯ್ಸ್ ಕಾರುಗಳು ಮಹಾರಾಷ್ಟ್ರದ ನಂಬರಿನವು. 2025ರ ಜುಲೈಯಲ್ಲಿ ಸಾರಿಗೆ ಇಲಾಖೆ ಅವುಗಳಿಗೆ ಹಾಕಿದ ತೆರಿಗೆ ಮತ್ತು ದಂಡ 38 ಲಕ್ಷ ದಾಟಿತ್ತು. ಅವರಿಗೆ ಅದು ಕಟ್ಟುವ ಮೊತ್ತ. ನಮಗೆ?

ಇಷ್ಟೆಲ್ಲ ಕೇಳಿಯೂ ಹೊಸದೇ ಬೇಕೆಂದು ನೀವು ಮನಸ್ಸು ಮಾಡಿದರೆ ಚೌಕಾಸಿಯ ಮಾತಿಗೆ ಬರೋಣ. 'ಆನ್ ರೋಡ್ ಎಷ್ಟು' ಎಂದು ಕೇಳಬೇಡಿ, ಪ್ರತಿ ಬಾಬ್ತನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ತೆರಿಗೆ ಸರಕಾರದ್ದು, ಅದರಲ್ಲಿ ಇಳಿಯದು. ಇಳಿಯುವುದು ಕಾರಿನ ಬೆಲೆ, ವಿಮೆ, ವಾರಂಟಿ, 'ಇತರೆ'ಗಳಲ್ಲಿ. ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ, ಅದನ್ನೂ ಹೊರಗೆ ವಿಚಾರಿಸಬಹುದು. ಕೊಳ್ಳುವುದೇ ಆದರೆ ಕಾರು ಕಳುವಾದಾಗ ಬಿಲ್ಲಿನ ಪೂರ್ತಿ ಮೊತ್ತ ಕೊಡುವ ಹೆಚ್ಚುವರಿ ವಿಮೆಯನ್ನೂ ಕೇಳಿ. ಮೇಲಿನ ಕೋಷ್ಟಕದ ಹೊಡೆತ ಸ್ವಲ್ಪ ತಪ್ಪುತ್ತದೆ.

ಹಳೆಯ ಕಾರನ್ನು ಕೊಡುವುದಿದ್ದರೆ ಆ ಮಾತನ್ನು ಕೊನೆಗೆ ತೆಗೆಯಿರಿ. ಮೊದಲೇ ಹೇಳಿದರೆ ಹೊಸದರಲ್ಲಿ ಬಿಟ್ಟಂತೆ ಮಾಡಿ ಹಳೆಯದರಲ್ಲಿ ಹಿಡಿಯುತ್ತಾರೆ. ತಿಂಗಳ ಕೊನೆಯ ವಾರ, ಮಾರ್ಚ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಅವರಿಗೆ ಗುರಿ ಮುಟ್ಟುವ ಅವಸರ ಇರುತ್ತದೆ. ಆದರೆ ಡಿಸೆಂಬರಿನ ರಿಯಾಯಿತಿಗೆ ಮರುಳಾಗಬೇಡಿ. ಜನವರಿ ಬಂದೊಡನೆ ಅದು 'ಕಳೆದ ವರ್ಷದ ಕಾರು'. ಮುಂದೆ ಮಾರುವಾಗ ಆರ್.ಸಿ.ಯಲ್ಲಿ ನಮೂದಾದ ತಯಾರಿಕೆಯ ತಿಂಗಳು, ವರ್ಷವನ್ನೇ ಎಲ್ಲರೂ ನೋಡುವುದು. ಹಣ ಕಟ್ಟುವ ಮೊದಲು ಆ ತಿಂಗಳನ್ನು ಬರಹದಲ್ಲಿ ಕೇಳಿ. ಟೈರಿನ ಬದಿಯಲ್ಲೂ ನಾಲ್ಕಂಕಿಯ ಒಂದು ಗುರುತಿರುತ್ತದೆ, ಮೊದಲೆರಡು ವಾರ, ನಂತರದ ಎರಡು ವರ್ಷ. ಬಡ್ಡಿಯ ಸಾಲ ಬೇಡ, ಪೂರ್ತಿ ಹಣ ಕೊಡುತ್ತೇವೆ ಎಂದ ಕೂಡಲೇ ಸೇಲ್ಸ್‌ನವರ ಉತ್ಸಾಹ ಸ್ವಲ್ಪ ಇಳಿದರೆ ಆಶ್ಚರ್ಯ ಬೇಡ. ಸಾಲ ಕೊಡಿಸಿದರೂ ಅವರಿಗೆ ಕಮಿಷನ್ ಉಂಟು. ಹಾಗೆಂದು ನೋಟಿನ ಕಟ್ಟು ಒಯ್ಯಬೇಡಿ, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ.

ಕಟ್ಟಿದ ಒಂದು ಲಕ್ಷದ ಚಿಂತೆ ನಿಮಗಿದೆ. ಮುಂಗಡದ ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಎಂಬುದನ್ನು ಮಗನಿಂದ ಗಟ್ಟಿಯಾಗಿ ಓದಿಸಿ. ವಾಪಸು ಕೊಡುತ್ತಾರೋ, ಕಡಿತ ಎಷ್ಟು, ಎಷ್ಟು ದಿನದೊಳಗೆ ಬರೆದುಕೊಡಬೇಕು ಎಂಬುದು ಅಲ್ಲಿರುತ್ತದೆ. ಕಾರು ಇನ್ನೂ ನಿಮ್ಮ ಹೆಸರಿಗೆ ಬಿಲ್ಲಾಗಿಲ್ಲ. ಆದ್ದರಿಂದ ಬೇಡವೆನಿಸಿದರೆ ಈ ವಾರವೇ ಲಿಖಿತವಾಗಿ ತಿಳಿಸಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಚೆಕ್ಕು ಪುಸ್ತಕವನ್ನು ಅಲ್ಲಿಯವರೆಗೆ ನಿಮ್ಮ ಬೀರುವಿನಲ್ಲೇ ಇಟ್ಟಿರಿ.