ಮಕ್ಕಳ ಕೈಗೆ ಪೊರಕೆ ಕೊಡೋ ಮುಂಚೆ



ಅಕ್ಟೋಬರ್ 2 ಬಂತಂದ್ರೆ ಸ್ವಚ್ಛತಾ ಜಾಥಾ. ನಮ್ಮ ಮತ್ತಿಘಟ್ಟದ ಕಡೆ ಇರಲಿ, ಬಯಲುಸೀಮೆ ಇರಲಿ, ಘೋಷಣೆ ಕೂಗೋ ಮಕ್ಕಳನ್ನ ಮೊದಲು ಕರ್ಕೊಂಡು ಬರೋದು ಕೇರಿಗೇ. ಗಲೀಜು ಅಂದ್ರೆ ಕೇರಿ ಅಂತ ಆ ಮಕ್ಕಳಿಗೆ ಕಲಿಸಿದವರು ಯಾರು ಸ್ವಾಮಿ?

ಮಲ ಹೊರುವುದನ್ನು ನಿಷೇಧಿಸಿದ ಕಾಯ್ದೆ ಬಂದದ್ದು 2013ರಲ್ಲಿ. ಹತ್ತು ವರ್ಷದ ಮೇಲೆ, 2023ರ ಡಿಸೆಂಬರ್‌ನಲ್ಲಿ, ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಲದ ಗುಂಡಿಗೆ ಇಳಿಸಿದ್ದು ದಲಿತ ವಿದ್ಯಾರ್ಥಿಗಳನ್ನ. ಬಂಧನ, ಅಮಾನತು ಎಲ್ಲ ಆಯ್ತು. ಸುದ್ದಿ ಹೊರಗೆ ಬರದಿದ್ರೆ? ಅದೂ 'ಶ್ರಮದಾನ'ವೇ ಆಗ್ತಿತ್ತು.

ವಿದ್ಯಾರ್ಥಿಗಳು ಬೇಡ ಅಂತಿಲ್ಲ. ನೋಟ್‌ಬುಕ್ ಕೊಟ್ಟು ಕಳಿಸಿ. ಊರಿನ ಪ್ರತಿ ಶೌಚಾಲಯಕ್ಕೆ ಗುಂಡಿ ಒಂದೋ, ಎರಡೋ? ನೀರು ಬರತ್ತಾ? ತುಂಬಿದಾಗ ತೆಗೆಯೋರು ಯಾರು, ಯಾವ ಜಾತಿ? ಎರಡು ಗುಂಡಿ ಇದ್ರೆ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಬಹುದು. ಮುಚ್ಚಿದ್ದು ಎರಡು ವರ್ಷ ಬಿಟ್ರೆ ಗೊಬ್ಬರ. ಒಂದೇ ಗುಂಡಿ ಇದ್ದು, ಮಲೆನಾಡಿನ ಮಳೆಗೆ ಉಕ್ಕಿದ್ರೆ ಯಾರ ಮನೆಗೆ ಫೋನ್ ಹೋಗತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಮಕ್ಕಳ ಗ್ರಾಮಸಭೆ ಅಂತ ಒಂದಿದೆಯಲ್ಲ, ಫೋಟೋ ತೆಗೆಸಿ ಬಿಸ್ಕತ್ ಹಂಚಿ ಮುಗಿಸೋದು. ಅಲ್ಲಿ ಆ ಪಟ್ಟಿಯನ್ನ ಮಕ್ಕಳೇ ಓದಲಿ. ಪಿಡಿಒ ಸಾಹೇಬರ ಉತ್ತರ ನಡಾವಳಿ ಪುಸ್ತಕಕ್ಕೆ ಹತ್ತಲಿ. ನಾನು ಗುಮಾಸ್ತ, ಬರಹದಲ್ಲಿ ಇಲ್ಲದ್ದು ನಡೆದೇ ಇಲ್ಲ ಅನ್ನೋದನ್ನ ದಿನಾ ನೋಡ್ತೀನಿ. ಈ ಸಲ ನಿಮ್ಮ ಪಂಚಾಯ್ತಿಯಲ್ಲಿ ಕೇಳಿ, ನಡಾವಳಿ ಪ್ರತಿ ಇಲ್ಲೇ ಹಾಕಿ.