ಬಾಗಿಲು ಕಿತ್ತರೂ ಬಿಡದ ಜೈಲು

ದಿಗ್ಗೇವಾಡಿಯಿಂದ ಓದುಗ ಮಿತ್ರರೊಬ್ಬರು ಕೇಳಿದ್ದಾರೆ: "ಸಿನಿಮಾದಾಗ ಹೀರೋ ಜೈಲು ಒಡಕೊಂಡು ಬರ್ತಾನ. ಖರೇನೂ ಹಂಗ ಯಾರರೆ ಬಂದಾರೇನ್ರಿ?"

ಬಂದಿದ್ದಾರೆ ಮಿತ್ರರೇ! ಅದೂ ನಮ್ಮ ಸೀಮೆಯಲ್ಲೇ ಪೊಲೀಸರ ಕೈಗೆ ಸಿಕ್ಕವನೊಬ್ಬ. ಆದರೆ ಹೊರಗೆ ಬಂದ ಮೇಲೆ ಏನಾಯ್ತು ಅನ್ನೋದನ್ನ ಕೇಳಿದರೆ, ಸೀಟಿ ಹೊಡೆಯಲು ಎತ್ತಿದ ಬೆರಳು ಹಾಗೇ ಕೆಳಗಿಳಿದೀತು!

ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 1975ರ 'ಶೋಲೆ' ನೆನಪು ಮಾಡಿಕೊಳ್ಳಿ. ಜೈಲರ್ ಅಸ್ರಾಣಿಯನ್ನು ಮಂಗ ಮಾಡಿ ಜೈ, ವೀರೂ ಹೊರಬೀಳುತ್ತಾರೆ. ಥಿಯೇಟರಿನಲ್ಲಿ ನಗೆಯೋ ನಗೆ! ಗೋಡೆ ದಾಟಿದರೆ ಸಾಕು, ಕಥೆ ಮುಂದಿನ ಊರಿಗೆ ಹಾರುತ್ತದೆ. ನಿಜ ಜೀವನದಲ್ಲಿ ಮಾತ್ರ ಗೋಡೆ ದಾಟಿದ ಮೇಲೇ ಕಥೆ ಶುರು.

ಅವನ ಹೆಸರು ವಾಸುದೇವ ಬಲವಂತ ಫಡಕೆ. ಹುಟ್ಟಿದ್ದು 1845ರ ನವೆಂಬರ್ 4, ಪನ್ವೇಲ್ ಹತ್ತಿರದ ಶಿರಢೋಣ. ಪುಣೆಯಲ್ಲಿ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತ. ತಿಂಗಳ ಸಂಬಳ, ಪಗಡಿ, ಮನೆ ಮಠ, ಎಲ್ಲಾ ಇತ್ತು. ತಾಯಿ ಹಾಸಿಗೆ ಹಿಡಿದಾಗ ಹೊತ್ತಿಗೆ ಸರಿಯಾಗಿ ರಜೆ ಸಿಗಲಿಲ್ಲ. ತಾಯಿಯ ಮುಖ ನೋಡುವ ಮೊದಲೇ ಆಕೆ ತೀರಿಹೋದಳು. ಅವನೊಳಗೆ ಕಿಡಿ ಬಿದ್ದದ್ದು ಅಲ್ಲಿ.

ಆ ಕಿಡಿಗೆ ಎಣ್ಣೆ ಹೊಯ್ದದ್ದು 1876ರಿಂದ 1878ರ ಬರಗಾಲ. ನಮ್ಮ ಹಿರಿಯರು ಧಾತು ಸಂವತ್ಸರದ ಬರ ಅಂತ ಹೇಳುತ್ತಿದ್ದರಲ್ಲ, ಅದೇ. ಮುಂಬೈ ಇಲಾಖೆಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮ ಕಲಾದಗಿಯೂ ಒಂದು. ಜನ ಹುಳುಗಳಂತೆ ಸಾಯುವುದನ್ನು ನೋಡಿದ ಗುಮಾಸ್ತ ಲೇಖಣಿ ಬಿಟ್ಟು ಕತ್ತಿ ಹಿಡಿದ. ರಾಮೋಶಿ ಹುಡುಗರ ಪಡೆ ಕಟ್ಟಿದ. 1879ರ ಫೆಬ್ರವರಿಯಲ್ಲಿ ಸಾಹುಕಾರರ ಮನೆಗಳ ಮೇಲೆ ದಾಳಿ ಶುರು! ಸರಕಾರ ಇವನ ತಲೆಗೆ ಬಹುಮಾನ ಸಾರಿತು. ಇವನೇನು ಕಡಿಮೆಯೇ? ಮುಂಬೈ ಗವರ್ನರ್ ರಿಚರ್ಡ್ ಟೆಂಪಲ್‌ನ ತಲೆಗೇ ತಿರುಗಿ ಬಹುಮಾನ ಸಾರಿದ!

ಇಂಟರ್ವಲ್ ತನಕ ಹೀಗೆ ಭರ್ಜರಿ. ಆಮೇಲೆ ಪೆಟ್ಟಿನ ಮೇಲೆ ಪೆಟ್ಟು. ಮೇ ತಿಂಗಳಲ್ಲಿ ಬಲಗೈಯಂತಿದ್ದ ದೌಲತರಾವ್ ನಾಯಕ ಗುಂಡಿಗೆ ಬಲಿಯಾದ. ಪಡೆ ಚದುರಿತು. ಫಡಕೆ ಶ್ರೀಶೈಲಕ್ಕೆ ಹೋದ, ನಿಜಾಮನ ಸೀಮೆಯಲ್ಲಿ ರೋಹಿಲರನ್ನು, ಅರಬರನ್ನು ಕೂಡಿಸಿ ಹೊಸ ಪಡೆ ಕಟ್ಟಲು ಓಡಾಡಿದ. ಬೆನ್ನ ಹಿಂದೆ ಮೇಜರ್ ಡೇನಿಯಲ್, ಜೊತೆಗೆ ನಿಜಾಮನ ಪೊಲೀಸ್ ಅಧಿಕಾರಿ ಅಬ್ದುಲ್ ಹಕ್. 1879ರ ಜುಲೈ 20. ಅಂದಿನ ಕಲಾದಗಿ ಜಿಲ್ಲೆ, ಇಂದಿನ ವಿಜಯಪುರ ಜಿಲ್ಲೆಯ ದೇವರ ನಾವದಗಿ. ಓಡಿ ಓಡಿ ಸೋತು ಗುಡಿಯಲ್ಲಿ ಮಲಗಿದ್ದವನನ್ನು ಹಿಡಿದರು.

ಪುಣೆಯಲ್ಲಿ ವಿಚಾರಣೆ. ಅವನ ಪರ ನಿಂತವರು ಸಾರ್ವಜನಿಕ ಕಾಕಾ ಎಂದೇ ಹೆಸರಾದ ಗಣೇಶ ವಾಸುದೇವ ಜೋಶಿ. ಆದರೆ ಫಡಕೆ ತನ್ನ ಕೈಯಿಂದಲೇ ಬರೆದಿಟ್ಟ ದಿನಚರಿ, ಆತ್ಮಕಥೆ ಎರಡೂ ಅವನ ವಿರುದ್ಧವೇ ಸಾಕ್ಷಿ ಹೇಳಿದವು. ಶಿಕ್ಷೆ: ಜೀವಮಾನದ ಗಡೀಪಾರು. ಕಳಿಸಿದ್ದು ಎಲ್ಲಿಗೆ? ಸಮುದ್ರದಾಚೆ, ಅರಬರ ನಾಡಿನ ಏಡನ್‌ಗೆ. ಆಗ ಅದೂ ಮುಂಬೈ ಸರಕಾರದ ಕೈಕೆಳಗೇ ಇತ್ತು.

ಈಗ ಬಂತು ನೋಡಿ ನೀವು ಕೇಳಿದ ಸೀನ್! ಒಂದು ರಾತ್ರಿ ಫಡಕೆ ಕೋಣೆಯ ಬಾಗಿಲನ್ನೇ ಕೀಲಿನಿಂದ ಕಿತ್ತು ಹೊರಬಿದ್ದ. ಗೋಡೆ ದಾಟಿದ. ಓಡಿದ. ಸಿನಿಮಾ ಆಗಿದ್ದರೆ ಇಲ್ಲೊಂದು ಕುದುರೆ ಕಾದಿರುತ್ತಿತ್ತು, ಗೆಳೆಯನೊಬ್ಬ ಕೈ ಚಾಚುತ್ತಿದ್ದ. ಏಡನ್‌ನಲ್ಲಿ ಏನಿತ್ತು? ಹುಲ್ಲುಕಡ್ಡಿ ಇಲ್ಲದ ಸುಟ್ಟ ಬಂಡೆ, ಸುತ್ತ ಸಮುದ್ರ, ತಿಳಿಯದ ಭಾಷೆ. ಪುಣೆ ಸೀಮೆಯಲ್ಲಿ ರಾಮೋಶಿಗಳ ಹಳ್ಳಿಗಳು ರೊಟ್ಟಿ ಕೊಟ್ಟಿದ್ದವು, ಅಡಗಲು ಜಾಗ ಕೊಟ್ಟಿದ್ದವು. ಇಲ್ಲಿ ಒಂದು ತಂಬಿಗೆ ನೀರು ಕೊಡುವ ಕೈಯೂ ಇಲ್ಲ. ಬೇಗನೇ ಸಿಕ್ಕಿಬಿದ್ದ. 1883ರ ಫೆಬ್ರವರಿ 17ರಂದು ಅದೇ ಸೆರೆಯಲ್ಲಿ ಪ್ರಾಣ ಬಿಟ್ಟ. ಅನ್ನ ಬಿಟ್ಟು ಸತ್ತ ಅಂತ ಜನ ಇಂದಿಗೂ ಹೇಳುತ್ತಾರೆ. ವಯಸ್ಸು ಬರೀ 37!

ಒಬ್ಬನದು ಹೀಗಾದರೆ ಗುಂಪಿನದು ಇನ್ನೂ ಘೋರ. 1858ರ ಮಾರ್ಚ್‌ನಲ್ಲಿ ಸಿಪಾಯಿ ದಂಗೆಯ ಕೈದಿಗಳನ್ನು ಅಂಡಮಾನಿಗೆ ತಂದು ಇಳಿಸಿದರು. ಕಾಡು ದಾಟಿದರೆ ಬರ್ಮಾ ಸಿಗುತ್ತದೆಂದು ನಂಬಿ ಹಲವರು ಓಡಿದರು. ಬರ್ಮಾ ಎಲ್ಲಿಂದ ಬರಬೇಕು? ಕಾಡಿನಾಚೆ ಮತ್ತೆ ಸಮುದ್ರವೇ! ಹಸಿವು, ಕಾಡುಜನರ ಬಾಣ. ಮರಳಿ ಸಿಕ್ಕವರಲ್ಲಿ 86 ಜನರನ್ನು ಅಧಿಕಾರಿ ವಾಕರ್ ಒಂದೇ ದಿನ ಗಲ್ಲಿಗೇರಿಸಿದ. 1996ರ 'ಕಾಲಾಪಾನಿ'ಯಲ್ಲಿ ಮೋಹನ್‌ಲಾಲ್ ಇದ್ದ ಸೆಲ್ಯುಲರ್ ಜೈಲಿಗೆ ಆಗಿನ್ನೂ ಒಂದು ಇಟ್ಟಿಗೆಯನ್ನೂ ಇಟ್ಟಿರಲಿಲ್ಲ. ಗೋಡೆಯೇ ಬೇಕಿರಲಿಲ್ಲ, ನೀರೇ ಗೋಡೆ!

ಬ್ರಿಟಿಷರ ಲೆಕ್ಕ ತಿಳಿಯಿತಲ್ಲ? ಕೈದಿಯನ್ನು ಕಬ್ಬಿಣದಿಂದ ಕಟ್ಟಿದರೆ ಸಾಲದು, ಅವನ ಜನರಿಂದ ಕಡಿದುಹಾಕಬೇಕು. ಹೀರೋಗೆ ತೋಳಿನಲ್ಲಿ ಬಲ ಎಷ್ಟೇ ಇರಲಿ, ಹೊರಗೆ "ಬಾರಪ್ಪಾ ಒಳಗ" ಅನ್ನುವ ಒಂದು ಮನೆ ಇರದಿದ್ದರೆ ಬಾಗಿಲು ಮುರಿದೂ ಅವನು ಕೈದಿಯೇ.

1984ರಲ್ಲಿ ಸರಕಾರ ಫಡಕೆಯ ಅಂಚೆಚೀಟಿ ತಂದಿತು. 2007ರಲ್ಲಿ ಮರಾಠಿಯಲ್ಲಿ ಅಜಿಂಕ್ಯ ದೇವ್ ಅವನ ಪಾತ್ರ ಮಾಡಿದರು. ಅವನು ಸಿಕ್ಕ ನೆಲ ಕನ್ನಡದ್ದು. ನಮ್ಮ ನಿರ್ಮಾಪಕರೇ, ದೇವರ ನಾವದಗಿಯ ಆ ಗುಡಿಯಿಂದ ಒಂದು ಕಥೆ ಶುರು ಮಾಡಬಾರದೇ? ಫೈಟ್ ಕಡಿಮೆ ಇದ್ದರೂ ಚಿಂತೆಯಿಲ್ಲ. ಅಥಣಿ, ರಾಯಬಾಗದ ಹುಡುಗರು ಕೊನೆಯ ರೀಲಿನ ತನಕ ಕದಲದೆ ಕೂರುತ್ತಾರೆ!