ಸವೆದ ಶಾಸನ, ನಿಂತ ಫೋನು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ, ದೇವಾಲಯದ ಮೆಟ್ಟಿಲುಗಳೆದುರಿನ ಹಾಸುಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವೊಂದುಂಟು. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದಾಗಲೇ ಅಕ್ಷರಗಳು ಬಹುಮಟ್ಟಿಗೆ ಸವೆದಿದ್ದವು. ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ಬಳೆಗಾರರ ಗುಂಡು ಎಂದೇ ಹೆಸರು. ಆದರೂ ಶಾಸನದ ಒಕ್ಕಣೆ ನಮಗೆ ನಷ್ಟವಾಗಲಿಲ್ಲ. ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಅದನ್ನು ಕೆತ್ತಿಸಲಾಗಿತ್ತು. ಒಂದು ಪ್ರತಿ ಅಳಿದರೂ ಉಳಿದವುಗಳಿಂದ ಪಾಠ ಬದುಕಿತು.

ನಮ್ಮ ಮನೆಗಳ ಕಪಾಟಿನಲ್ಲಿ ಮೂಲೆ ಸೇರಿರುವ ಹಳೆಯ ಮೊಬೈಲು ಫೋನಿಗೂ ಇದೇ ನ್ಯಾಯ. ಗಾಜು ಒಡೆದಿರುವುದಿಲ್ಲ, ಬ್ಯಾಟರಿಯೂ ನೆಟ್ಟಗಿರುತ್ತದೆ. ಒಳಗಿನ ಸಾಫ್ಟ್‌ವೇರ್ ಮಾತ್ರ ಕೆಟ್ಟಿರುತ್ತದೆ. ಅದನ್ನು ಮತ್ತೆ ತುಂಬೋಣವೆಂದರೆ ಕಂಪೆನಿಯು ಆ ಮಾಡೆಲನ್ನೇ ಕೈಬಿಟ್ಟಿರುತ್ತದೆ.

ಬೆಂಗಳೂರಿನ ಯುಟಿಎಲ್ ಮತ್ತು ದೆಹಲಿಯ ಜೈನಾ ಸಂಸ್ಥೆಗಳು ಕೂಡಿ ಕಟ್ಟಿದ ಕಾರ್ಬನ್ ಕಂಪೆನಿಯು 2014ರ ಸೆಪ್ಟೆಂಬರಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಒನ್ ಯೋಜನೆಯಡಿ ‘ಸ್ಪಾರ್ಕಲ್ ವಿ’ ಫೋನನ್ನು ಮಾರಾಟಕ್ಕೆ ತಂದಿತು. 2015ರಲ್ಲಿ ಅದಕ್ಕೆ ಆಂಡ್ರಾಯ್ಡ್ 6 ದೊರೆಯಿತು. ಕಾಲಕ್ರಮದಲ್ಲಿ ಪರಿಷ್ಕರಣೆ ನಿಂತಿತು. ಇಂಥ ಫೋನುಗಳಿಗಾಗಿ ಸಾಫ್ಟ್‌ವೇರ್ ಸಿದ್ಧಪಡಿಸುತ್ತಿದ್ದ ಸಯನೋಜೆನ್‌ಮಾಡ್ ಸಹ 2016ರ ಕೊನೆಯಲ್ಲಿ ಬಾಗಿಲು ಹಾಕಿತು. ಆದರೆ ಅದರ ಮೂಲಪಾಠ ಸಾರ್ವಜನಿಕವಾಗಿದ್ದುದರಿಂದ ಆಸಕ್ತರು ಅದನ್ನೇ ಹಿಡಿದು ಲೀನಿಯೇಜ್ ಓಎಸ್ ಕಟ್ಟಿದರು. ಇಲ್ಲಿಯೂ ಪ್ರತಿಯೇ ಕಾಪಾಡಿತು.

ಈ ಕೆಲಸಕ್ಕೆ ಕೈಹಾಕುವ ಓದುಗರು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು. ಬೂಟ್‌ಲೋಡರ್ ಬೀಗ ತೆರೆದರೆ ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಆದಕಾರಣ ಮಕ್ಕಳ ಚಿತ್ರಗಳನ್ನೂ ಬಂಧುಗಳ ನಂಬರುಗಳನ್ನೂ ಮೊದಲೇ ಬೇರೆಡೆ ಇಳಿಸಿಕೊಳ್ಳಿರಿ. ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿರಲಿ. ಮುಗಿದ ಮೇಲೆ ಫೋನು ಅದನ್ನು ಕೇಳಬಹುದು. ಹೆಸರೊಂದೇ ಆದರೂ ಮಾಡೆಲ್ ನಂಬರು ಬೇರೆಯಿರಬಹುದು; ತಪ್ಪು ಫೈಲು ತುಂಬಿದರೆ ಫೋನು ಇಟ್ಟಿಗೆಯಂತೆ ಜಡವಾದೀತು. ಫೈಲಿನೊಡನೆ ಕೊಟ್ಟಿರುವ ತಾಳೆಸಂಖ್ಯೆಯನ್ನು ಸರಿನೋಡಿರಿ. ಬ್ಯಾಟರಿ ತುಂಬಿರಲಿ; ನಡುವೆ ಕೇಬಲ್ ಕೀಳಕೂಡದು.

ಇಷ್ಟಾದರೂ ಹೊಸ ಫೋನಿನ ಭದ್ರತೆ ಇದಕ್ಕೆ ಬಾರದು. ಚಿಪ್ ತಯಾರಕರು ಕೈಬಿಟ್ಟ ಭಾಗಗಳ ದೋಷಗಳು ಹಾಗೆಯೇ ಉಳಿದಿರುತ್ತವೆ. ಇದರಲ್ಲಿ ಹಾಡು ಕೇಳಬಹುದು, ಮಕ್ಕಳು ಪಾಠ ಓದಬಹುದು. ಬ್ಯಾಂಕಿನ ವ್ಯವಹಾರ ಮಾತ್ರ ಸಲ್ಲದು.

ಮತ್ತೊಂದು ಮಾತು. ನಿಮ್ಮ ಮಾಡೆಲಿಗೆ ಹೊಂದುವ ಫೈಲು ಇಂದು ಸಿಕ್ಕಿದ್ದು ನಾಳೆ ಸಿಕ್ಕೀತೆಂಬ ಭರವಸೆಯಿಲ್ಲ. ಫೋನು ಚೆನ್ನಾಗಿರುವಾಗಲೇ ಅದನ್ನು ಇಳಿಸಿಕೊಂಡು ಎರಡು ಕಡೆ ಇಟ್ಟಿರಿ.